ರಾತ್ರಿ ಒಂಬತ್ತರ ವೇಗ, ಎರಡು ವರ್ಷದ ಬೀಗ

ಮನೆಗೆ ಇಂಟರ್‌ನೆಟ್ ಸಂಪರ್ಕ ಪಡೆಯುವಾಗ ಸಹಿ ಹಾಕುವ ಒಪ್ಪಂದದಲ್ಲಿ ಮುಖ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಒಂದು ವೇಗದ್ದು, ನೂರು ಎಂಬಿಪಿಎಸ್, ಇನ್ನೂರು ಎಂಬಿಪಿಎಸ್ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿರುತ್ತದೆ. ಇನ್ನೊಂದು, ಅವಧಿ ಮುಗಿಯುವ ಮೊದಲೇ ಸಂಪರ್ಕ ಬಿಟ್ಟರೆ ಕಟ್ಟಬೇಕಾದ ನಿರ್ಗಮನ ಶುಲ್ಕದ್ದು. ಅದು ಕೊನೆಯ ಪುಟದ ಸಣ್ಣಕ್ಷರದಲ್ಲಿರುತ್ತದೆ. ವೇಗ ಗಂಟೆಗೊಂದು ಥರ ಇರುತ್ತದೆ. ಶುಲ್ಕ ಮಾತ್ರ ಎರಡು ವರ್ಷವೂ ಒಂದೇ ಥರ ಇರುತ್ತದೆ. ನೆಟ್ ಸ್ಲೋ ಎಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸೋತ ಗ್ರಾಹಕರ ಸಿಟ್ಟು ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಆ ಸಿಟ್ಟಿಗೆ ಗಟ್ಟಿಯಾದ ವೈಜ್ಞಾನಿಕ ಆಧಾರ ಇದೆಯೇ ಎಂಬುದು ಈ ಅಧ್ಯಾಯದ ಪ್ರಶ್ನೆ. ಇದೆ ಎಂಬುದು ನನ್ನ ವಾದ. ಪ್ರತಿದಿನ ಸಂಜೆ ವೇಗ ಕುಸಿಯುವುದರ ಹಿಂದೆ ಬಹುಪಾಲು ಸಲ ಎಷ್ಟು ಸಾಮರ್ಥ್ಯವನ್ನು ಎಷ್ಟು ಮನೆಗೆ ಹಂಚಬೇಕೆಂಬ ಒಂದು ನಿರ್ಧಾರ ಇರುತ್ತದೆ. ಆ ನಿರ್ಧಾರ ತಪ್ಪಾದರೂ ಅದರ ಬಿಸಿ ಕಂಪನಿಗೆ ತಟ್ಟದಂತೆ ನಿರ್ಗಮನ ಶುಲ್ಕ ಕಾಯುತ್ತದೆ. ಹಾಗಾಗಿ ಶುಲ್ಕಕ್ಕೂ ಅಳೆದ ವೇಗಕ್ಕೂ ಕಾನೂನಿನಲ್ಲೇ ಗಂಟು ಹಾಕಬೇಕು.

ಹಂಚಿಕೆಯ ಗಣಿತ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಮತ್ತು 1917ರಲ್ಲಿ ಪ್ರಕಟಿಸಿದ ಲೇಖನಗಳು ಇದಕ್ಕೆ ಬುನಾದಿ ಹಾಕಿದವು. ಊರಿನ ಎಲ್ಲರೂ ಒಂದೇ ಕ್ಷಣಕ್ಕೆ ಫೋನ್ ಎತ್ತುವುದಿಲ್ಲ, ಆದ್ದರಿಂದ ಎಲ್ಲರಿಗೂ ಒಂದೊಂದು ಟ್ರಂಕ್ ಲೈನ್ ಬೇಕಿಲ್ಲ. ಹಾಗಾದರೆ ಎಷ್ಟು ಸಾಕು? ಕರೆಗಳು ಬರುವ ಸರಾಸರಿ, ಒಂದೊಂದು ಕರೆ ನಡೆಯುವ ಅವಧಿ, ಲೈನುಗಳ ಸಂಖ್ಯೆ ಇಷ್ಟು ಗೊತ್ತಿದ್ದರೆ ನೂರು ಕರೆಗಳಲ್ಲಿ ಎಷ್ಟು ವಿಫಲವಾಗುತ್ತವೆ ಎಂದು ಎರ್ಲಾಂಗ್ ಸೂತ್ರ ಹೇಳುತ್ತದೆ. ದೂರವಾಣಿ ಎಂಜಿನಿಯರುಗಳು ನೂರಕ್ಕೆ ಒಂದೆರಡು ಕರೆ ವಿಫಲವಾದರೆ ಪರವಾಗಿಲ್ಲ ಎಂಬಂಥ ಮಿತಿಯನ್ನು ಮೊದಲೇ ಇಟ್ಟುಕೊಂಡು ಲೈನ್ ಎಳೆದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಟೆಲಿಫೋನ್ ಜಾಲ ಸೋತಾಗ ಎಂಗೇಜ್ ಟೋನ್ ಕೇಳುತ್ತಿತ್ತು. ಸೋತದ್ದು ಕಂಪನಿಗೂ ಗ್ರಾಹಕರಿಗೂ ಒಟ್ಟಿಗೇ ತಿಳಿಯುತ್ತಿತ್ತು, ಎಣಿಸಲೂ ಬರುತ್ತಿತ್ತು. ಇಂಟರ್‌ನೆಟ್‌ನಲ್ಲಿ ಎಂಗೇಜ್ ಟೋನ್ ಇಲ್ಲ. ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುವುದರಿಂದ ಯಾರನ್ನೂ ಪೂರ್ತಿ ಹೊರಗಿಡದೆ ಎಲ್ಲರನ್ನೂ ಸ್ವಲ್ಪ ಸ್ವಲ್ಪ ನಿಧಾನ ಮಾಡಿ ಜಾಲ ನಡೆಯುತ್ತಿರುತ್ತದೆ. ಇದು ಆ ತಂತ್ರಜ್ಞಾನದ ದೊಡ್ಡ ಗುಣ. ಆದರೆ ಸೇವೆ ಯಾವ ಗಳಿಗೆಯಲ್ಲಿ ಒಪ್ಪಂದವನ್ನು ಮೀರಿತು ಎಂದು ಬೆರಳು ತೋರಿಸಲಾಗದಂತೆ ಮಾಡಿರುವುದೂ ಅದೇ ಗುಣ.

ಇವತ್ತಿನ ಫೈಬರ್ ಸಂಪರ್ಕವನ್ನೇ ನೋಡೋಣ. ನಮ್ಮ ನಗರಗಳಲ್ಲಿ ಮನೆಗಳಿಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ಎಂಬ ತಂತ್ರದ್ದು. ಕಂಪನಿಯ ಕೇಂದ್ರದಿಂದ ಹೊರಡುವ ಒಂದು ಎಳೆ ದಾರಿಯಲ್ಲಿ ಕವಲೊಡೆದು 32 ಅಥವಾ 64 ಮನೆಗಳನ್ನು ತಲುಪುತ್ತದೆ. ಆ ಎಳೆಯ ಇಳಿಮುಖ ಸಾಮರ್ಥ್ಯ ಸೆಕೆಂಡಿಗೆ 2.488 ಗಿಗಾಬಿಟ್, ಲೆಕ್ಕಕ್ಕೆ 2,400 ಮೆಗಾಬಿಟ್ ಎಂದಿಟ್ಟುಕೊಳ್ಳೋಣ. 64 ಮನೆಗೂ ನೂರು ಎಂಬಿಪಿಎಸ್ ಪ್ಲಾನ್ ಮಾರಿದರೆ ಮಾರಿದ ಒಟ್ಟು 6,400, ಇರುವುದು 2,400. ಎಲ್ಲರೂ ಒಟ್ಟಿಗೇ ಎಳೆದರೆ ಒಬ್ಬೊಬ್ಬರಿಗೆ ಸಿಗುವುದು ಮೂವತ್ತೇಳೂವರೆ. ಮೋಸವೆಂದು ಕೂಗುವ ಮೊದಲು ಸಂಭವನೀಯತೆಯ ಲೆಕ್ಕ ಹಾಕಬೇಕು. ಯಾವುದೇ ಕ್ಷಣದಲ್ಲಿ ಒಂದು ಮನೆ ಪೂರ್ಣ ವೇಗ ಬೇಡುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಂಡರೆ, ಸರಾಸರಿ 13 ಮನೆಗಳು ಬೇಡುತ್ತಿರುತ್ತವೆ. 24ಕ್ಕಿಂತ ಹೆಚ್ಚು ಮನೆಗಳು ಒಮ್ಮೆಲೇ ಬೇಡುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಅಂದರೆ 64 ಮನೆಗಳಿಗೆ ಮಾರಿದ ನೂರು ಎಂಬಿಪಿಎಸ್ ಹೆಚ್ಚುಕಡಿಮೆ ಯಾವಾಗಲೂ ಎಲ್ಲರಿಗೂ ಸಿಗುತ್ತದೆ. ಹಂಚಿಕೆ ತಪ್ಪಲ್ಲ. ಹಂಚಿಕೆ ಇಲ್ಲದಿದ್ದರೆ ಇಂಟರ್‌ನೆಟ್ ಇಷ್ಟು ಅಗ್ಗವಾಗಿ ಮನೆ ಮನೆಗೆ ಬರುತ್ತಲೇ ಇರಲಿಲ್ಲ.

ಆ ಲೆಕ್ಕ ನಿಂತಿರುವುದು ಒಂದು ಊಹೆಯ ಮೇಲೆ: ಒಂದು ಮನೆಯ ಬಳಕೆಗೂ ಪಕ್ಕದ ಮನೆಯ ಬಳಕೆಗೂ ಸಂಬಂಧವಿಲ್ಲ ಎಂಬುದು. ಸಂಜೆಯಾದರೆ ಈ ಊಹೆ ಮುರಿಯುತ್ತದೆ. ಐನೂರು ಜನರನ್ನು ಕರೆದ ಮದುವೆಯಲ್ಲಿ ಊಟದ ಹಾಲಿಗೆ ನೂರೈವತ್ತು ಎಲೆ ಹಾಕಿದರೆ ಬೆಳಗಿನ ತಿಂಡಿಗೆ ಸಾಕು, ಜನ ಒಬ್ಬೊಬ್ಬರಾಗಿ ಬರುತ್ತಾರೆ. ಧಾರೆ ಮುಗಿದ ಗಳಿಗೆಗೆ ಇಡೀ ಮಂಟಪವೇ ಒಟ್ಟಿಗೆ ಎದ್ದರೆ ಅದೇ ಹಾಲು ಸಾಲದು. ರಾತ್ರಿ ಎಂಟರಿಂದ ಹತ್ತರವರೆಗೆ ಜಾಲದಲ್ಲಿ ಆಗುವುದು ಅದೇ. ಶಾಲೆ, ಕಚೇರಿ, ಅಡುಗೆ ಮುಗಿದು ಎಲ್ಲ ಮನೆಗಳೂ ಒಂದೇ ಹೊತ್ತಿಗೆ ಪರದೆಯ ಮುಂದೆ ಕೂರುತ್ತವೆ. ಐಪಿಎಲ್ ಪಂದ್ಯವಿದ್ದರಂತೂ ಎಲ್ಲರ ಕಣ್ಣೂ ಒಂದೇ ಓವರಿನ ಮೇಲೆ. ಪೂರ್ಣ ವೇಗ ಬೇಡುವ ಸಾಧ್ಯತೆ ಐದರಲ್ಲಿ ಒಂದರಿಂದ ಎರಡರಲ್ಲಿ ಒಂದಕ್ಕೆ ಏರಿತೆಂದುಕೊಳ್ಳಿ. ಸರಾಸರಿ 32 ಮನೆಗಳು ಬೇಡುತ್ತವೆ, ನೂರಕ್ಕೆ 97ರಷ್ಟು ಹೊತ್ತು ಆ ಎಳೆಯಲ್ಲಿ ಸಾಮರ್ಥ್ಯ ಸಾಲದೆ ಬರುತ್ತದೆ. ಬೇಡಿಕೆ ಏರಿದ್ದು ಎರಡೂವರೆ ಪಟ್ಟು, ತೊಂದರೆ ಏರಿದ್ದು ಸಾವಿರ ಪಟ್ಟಿಗೂ ಹೆಚ್ಚು. ವಾಸ್ತವದಲ್ಲಿ ಬಿಕ್ಕಟ್ಟು ಮನೆಯ ಹತ್ತಿರದ ಕವಲಿನಲ್ಲಿ ಇರುವುದಕ್ಕಿಂತ ಅದರ ಮೇಲಿನ ಹಂತದಲ್ಲಿ, ಅಂದರೆ ಬಡಾವಣೆಯ ಕೇಂದ್ರದಿಂದ ನಗರದ ದೊಡ್ಡ ಜಾಲಕ್ಕೆ ಹೋಗುವ ಕೊಂಡಿಯಲ್ಲಿ ಇರುವುದೇ ಹೆಚ್ಚು. ಗಣಿತ ಮಾತ್ರ ಅಲ್ಲಿಯೂ ಇದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲರ ಬಳಕೆ ಒಂದೇ ಹೊತ್ತಿಗೆ ಏರಿದಾಗ ಯುರೋಪಿನ ಒಕ್ಕೂಟ ವಿಡಿಯೋ ಕಂಪನಿಗಳಿಗೆ ಗುಣಮಟ್ಟ ಇಳಿಸಿರೆಂದು ಕೇಳಿಕೊಳ್ಳಬೇಕಾಯಿತು. ನೆಟ್‌ಫ್ಲಿಕ್ಸ್ ಅಲ್ಲಿ ತಿಂಗಳ ಮಟ್ಟಿಗೆ ಕಾಲುಭಾಗದಷ್ಟು ದಟ್ಟಣೆ ಕಡಿಮೆ ಮಾಡಲು ಒಪ್ಪಿತು.

ಕೊಂಡಿ ಪೂರ್ತಿ ತುಂಬುವವರೆಗೂ ಕಾಯಬೇಕಿಲ್ಲ, ತೊಂದರೆ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಸರತಿ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ, ಖಾಲಿ ಕೊಂಡಿಯನ್ನು ದಾಟಲು ಒಂದು ಪ್ಯಾಕೆಟ್‌ಗೆ ಬೇಕಾದ ಸಮಯವನ್ನು ಒಂದು ಎಂದರೆ, ಅರ್ಧ ತುಂಬಿದ ಕೊಂಡಿಯಲ್ಲಿ ಅದು ಎರಡಾಗುತ್ತದೆ, ಶೇಕಡ 80 ತುಂಬಿದಾಗ ಐದು, ಶೇಕಡ 90ಕ್ಕೆ ಹತ್ತು, ಶೇಕಡ 95ಕ್ಕೆ ಇಪ್ಪತ್ತು. ನಿಜವಾದ ದಟ್ಟಣೆ ಈ ಮಾದರಿಗಿಂತಲೂ ಒರಟು: ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದವರು 1990ರ ದಶಕದ ಆರಂಭದಲ್ಲಿ ಜಾಲದ ದಟ್ಟಣೆಯನ್ನು ಸೂಕ್ಷ್ಮವಾಗಿ ಅಳೆದು, ಅದು ಗುಂಪು ಗುಂಪಾಗಿ ನುಗ್ಗುತ್ತದೆ, ಟೆಲಿಫೋನ್ ಕರೆಗಳಂತೆ ಸರಾಸರಿಯ ಸುತ್ತ ನಯವಾಗಿ ಹರಡಿಕೊಳ್ಳುವುದಿಲ್ಲ ಎಂದು ತೋರಿಸಿದರು. ಹೀಗಾಗಿ ಶೇಕಡ 80 ಎಂಬುದು ಎಂಜಿನಿಯರುಗಳಿಗೆ ಎಚ್ಚರಿಕೆಯ ಗೆರೆ. ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2006ರಲ್ಲಿ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ಮಾಡಿದಾಗ, ದಟ್ಟಣೆಯ ಹೊತ್ತಿನಲ್ಲೂ ಕೊಂಡಿಗಳ ಬಳಕೆ ಶೇಕಡ 80ರ ಒಳಗಿರಬೇಕು, ಕಂಪನಿಯ ಕೇಂದ್ರದಿಂದ ಮನೆಯವರೆಗೆ ಒಪ್ಪಿದ ವೇಗದ ಶೇಕಡ 80ಕ್ಕಿಂತ ಹೆಚ್ಚು ಸಿಗಬೇಕು ಎಂದು ಬರೆದದ್ದು ಇದೇ ತಿಳಿವಳಿಕೆಯಿಂದ. ಕೊಂಡಿ ಎಷ್ಟು ತುಂಬಿದೆ ಎಂಬ ಗ್ರಾಫ್ ಕಂಪನಿಯ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಸದಾ ಇರುತ್ತದೆ. ಹೊಸ ಕೊಂಡಿಗೆ ಯಾವಾಗ ಹಣ ಹಾಕಬೇಕೆಂದು ಅವರು ತೀರ್ಮಾನಿಸುವುದೇ ಅದನ್ನು ನೋಡಿ. ಸಂಜೆಯ ಕುಸಿತ ಕಂಪನಿಗೆ ಗೊತ್ತಿಲ್ಲದೆ ಆಗುವುದಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ನಿಧಾನಗತಿಗೆಲ್ಲ ಹಂಚಿಕೆಯೇ ಕಾರಣವಲ್ಲ ನಿಜ, ಆದರೆ ಬೇರೆ ಕಾರಣಗಳನ್ನು ಬೇರ್ಪಡಿಸಿ ನೋಡಲು ಸಾಧ್ಯ. ತಾಮ್ರದ ತಂತಿಯಲ್ಲಿ ಬರುವ ಡಿಎಸ್‌ಎಲ್ ಸಂಪರ್ಕದಲ್ಲಿ ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ, ಹೆಚ್ಚಿನ ವೇಗವನ್ನು ಹೊರುವ ಮೇಲಿನ ಆವರ್ತನಗಳೇ ಮೊದಲು ಸೋಲುತ್ತವೆ. ರಸ್ತೆಬದಿಯ ಪೆಟ್ಟಿಗೆಯಿಂದ ಕೆಲವು ನೂರು ಮೀಟರ್ ಒಳಗಿರುವ ಮನೆಗೆ ಸಿಗುವ ವೇಗ ಒಂದು ಕಿಲೋಮೀಟರ್ ಆಚೆಯ ಮನೆಗೆ ಸಿಗದು. ಈ ಕೊರತೆ ನಸುಕಿನ ನಾಲ್ಕು ಗಂಟೆಗೂ ಇರುತ್ತದೆ, ರಾತ್ರಿ ಒಂಬತ್ತಕ್ಕೂ ಇರುತ್ತದೆ, ತಂತಿಯ ಉದ್ದ ನೋಡಿ ಮಾರುವ ಮೊದಲೇ ಅಂದಾಜಿಸಲೂಬಹುದು. ವೈಫೈ ಇನ್ನೊಂದು ಬಗೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆಯ ಇಪ್ಪತ್ತು ರೌಟರುಗಳು ಆ ಮೂರಕ್ಕೇ ಪೈಪೋಟಿ ನಡೆಸುತ್ತವೆ. ಅದು ಮನೆಯೊಳಗಿನ ತೊಂದರೆ, ರೌಟರಿಗೆ ಕೇಬಲ್ ಹಾಕಿ ಅಳೆದರೆ ಮಾಯವಾಗುತ್ತದೆ. ಮೂರನೆಯದು ರೌಟರಿನ ಅತಿಯಾದ ಸ್ಮೃತಿ, ಅಂದರೆ ಪ್ಯಾಕೆಟ್‌ಗಳನ್ನು ಸಾಲಿನಲ್ಲಿ ಕಾಯಿಸುವ ಅತಿ ದೊಡ್ಡ ಬಫರ್. ಮೊಬೈಲಿನ ಫೋಟೊಗಳು ಸದ್ದಿಲ್ಲದೆ ಕ್ಲೌಡ್‌ಗೆ ಏರುತ್ತಿರುವಾಗ, 256 ಕಿಲೋಬೈಟ್ ಹಿಡಿಯುವ ಬಫರ್ ತುಂಬಿದೆ, ಮೇಲ್ಮುಖ ವೇಗ 2 ಎಂಬಿಪಿಎಸ್ ಇದೆ ಎಂದಾದರೆ, ಆ ಸಾಲಿನ ಕೊನೆಗೆ ಸೇರಿದ ಮಾತಿನ ತುಣುಕು ಹೊರಗೆ ಬರಲು ಒಂದು ಸೆಕೆಂಡ್ ಬೇಕು. ಸಹಜವಾದ ಸಂಭಾಷಣೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ಗಿಂತ ಹೆಚ್ಚು ತಡವಾಗಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವುದು ಈ ಒಂದು ಸೆಕೆಂಡಿನಿಂದ. ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ 2010ರ ಹೊತ್ತಿಗೆ ಈ ರೋಗವನ್ನು ಎಲ್ಲರ ಗಮನಕ್ಕೆ ತಂದರು, 2012ರ ಹೊತ್ತಿಗೆ ಮದ್ದೂ ಸಿಕ್ಕಿತು. ಆ ಮದ್ದಿಲ್ಲದ ಅಗ್ಗದ ರೌಟರನ್ನು ಕಂಪನಿಯೇ ಕೊಟ್ಟಿದ್ದರೆ ಅದು ಕಂಪನಿಯದೇ ಹೊಣೆ. ಒಟ್ಟಿನಲ್ಲಿ ಕೇಬಲ್ ಹಾಕಿ ಅಳೆದಾಗ ಬೆಳಗಿನ ಜಾವ ಪೂರ್ತಿ ಸಿಕ್ಕು ರಾತ್ರಿ ಕುಸಿಯುವ ವೇಗ ಹಂಚಿಕೆಯ ಗುರುತು.

ಕಂಪನಿಗಳ ಪರವಾಗಿ ಮೊದಲು ಕೇಳಿಬರುವ ಮಾತು, ಇಂಟರ್‌ನೆಟ್ ಸ್ವಭಾವತಃ ಯಾವ ಭರವಸೆಯನ್ನೂ ಕೊಡದ ಜಾಲ, ಕೈಲಾದಷ್ಟು ಸಾಗಿಸುವುದಷ್ಟೇ ಅದರ ನಿಯಮ, ಹಾಗಾಗಿ ಕ್ಷಣಕ್ಷಣದ ವೇಗಕ್ಕೆ ಯಾರೂ ಜವಾಬ್ದಾರರಾಗಲಾರರು ಎಂಬುದು. ಕ್ಷಣದ ಮಟ್ಟಿಗೆ ಇದು ಸತ್ಯ. ಆದರೆ ಒಂದೊಂದು ಕ್ಷಣ ಅನಿಶ್ಚಿತವಾಗಿರುವ ಎಷ್ಟೋ ವಿಷಯಗಳಲ್ಲಿ ಒಟ್ಟಾರೆ ಸಂಭವಗಳ ಹಂಚಿಕೆ ನಿಶ್ಚಿತವಾಗಿಯೇ ಇರುತ್ತದೆ; ವಿಮಾ ವ್ಯವಹಾರ ನಡೆಯುವುದು ಅದರ ಮೇಲೆ, ಎರ್ಲಾಂಗ್ ಲೆಕ್ಕ ಹಾಕಿದ್ದೂ ಅದನ್ನೇ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳವರೆಗೆ, ಗ್ರಾಹಕರಲ್ಲಿ ಹತ್ತರಲ್ಲಿ ಒಬ್ಬರಿಗೆ ಸಿಗುವ ವೇಗವನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳಲು ಅವಕಾಶವಿತ್ತು. ಆಮೇಲೆ ನಿಯಮ ಬದಲಾಗಿ, ರಾತ್ರಿ ಎಂಟರಿಂದ ಹತ್ತರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಹಾಕಬೇಕೆಂದಾಯಿತು. 2019ರ ಮಾರ್ಚ್ 1ರಿಂದ ಅಲ್ಲಿನ ನಿಯಂತ್ರಕ ಆಫ್‌ಕಾಮ್‌ನ ಸಂಹಿತೆಗೆ ಒಪ್ಪಿದ ಕಂಪನಿಗಳು ಮಾರುವಾಗಲೇ ಆ ಮನೆಗೆ ಇಂತಿಷ್ಟು ಕನಿಷ್ಠ ವೇಗ ಎಂದು ಬರೆದುಕೊಡುತ್ತವೆ. ವೇಗ ಅದಕ್ಕಿಂತ ಕೆಳಗಿಳಿದು 30 ದಿನದೊಳಗೆ ಸರಿಯಾಗದಿದ್ದರೆ ಗ್ರಾಹಕರು ದಂಡ ಕಟ್ಟದೆ ಹೊರಬರಬಹುದು, ಜೊತೆಯಲ್ಲಿ ತೆಗೆದುಕೊಂಡ ಫೋನ್ ಮತ್ತು ಟಿವಿ ಸೇವೆಯನ್ನೂ ಬಿಡಬಹುದು. ಭರವಸೆ ಅಸಾಧ್ಯವೆಂಬ ಮಾತಿಗೆ ಇದು ಉತ್ತರ. ಅನಿಶ್ಚಿತ ಪ್ರಮಾಣಕ್ಕೂ ಒಂದು ತಳ ಇರುತ್ತದೆ, ಅದನ್ನು ಬರೆದುಕೊಡಬಹುದು.

ಇದನ್ನು ಸಂಖ್ಯಾಶಾಸ್ತ್ರದ ಮಟ್ಟಕ್ಕೆ ಕೊಂಡೊಯ್ದದ್ದು ಜರ್ಮನಿ. 2021ರ ಡಿಸೆಂಬರ್ 1ರಂದು ಜಾರಿಗೆ ಬಂದ ಅಲ್ಲಿನ ದೂರಸಂಪರ್ಕ ಕಾನೂನಿನ 57ನೇ ಕಲಂ, ವೇಗದಲ್ಲಿ ಗಣನೀಯ ಕೊರತೆ ನಿರಂತರವಾಗಿದ್ದರೆ ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ ಗ್ರಾಹಕರಿಗೆ ಎರಡು ಹಕ್ಕು ಕೊಡುತ್ತದೆ: ಕೊರತೆಯ ಪ್ರಮಾಣದಲ್ಲೇ ತಿಂಗಳ ಬಿಲ್ ಇಳಿಸುವುದು, ಇಲ್ಲವೇ ಒಪ್ಪಂದವನ್ನೇ ಮುರಿಯುವುದು. ಕೊರತೆಯನ್ನು ಸಾಬೀತು ಮಾಡುವ ವಿಧಾನವನ್ನು ಅಲ್ಲಿನ ಜಾಲ ನಿಯಂತ್ರಣ ಸಂಸ್ಥೆ ವಿವರವಾಗಿ ಬರೆದಿದೆ. ಸಂಸ್ಥೆಯದೇ ತಂತ್ರಾಂಶ ಬಳಸಿ, ಕಂಪ್ಯೂಟರನ್ನು ಕೇಬಲ್‌ನಿಂದ ರೌಟರಿಗೆ ಜೋಡಿಸಿ, 14 ದಿನಗಳೊಳಗೆ ಮೂರು ಬೇರೆ ಬೇರೆ ದಿನ, ನಡುವೆ ಕನಿಷ್ಠ ಒಂದೊಂದು ದಿನ ಬಿಟ್ಟು, ದಿನಕ್ಕೆ ಹತ್ತರಂತೆ 30 ಸಲ ಅಳೆಯಬೇಕು. ಒಂದು ಅಳತೆಗೂ ಮುಂದಿನದಕ್ಕೂ ಐದು ನಿಮಿಷವಾದರೂ ಅಂತರವಿರಬೇಕು. ದಿನದ ಐದನೆಯ ಮತ್ತು ಆರನೆಯ ಅಳತೆಯ ನಡುವೆ ಮೂರು ಗಂಟೆ. ಒಪ್ಪಂದದಲ್ಲಿ ಗರಿಷ್ಠ, ಸಾಮಾನ್ಯ, ಕನಿಷ್ಠ ಎಂಬ ಮೂರು ವೇಗ ಬರೆದಿರುತ್ತದೆ. 30 ಅಳತೆಗಳಲ್ಲಿ ಶೇಕಡ 90ರಷ್ಟಾದರೂ ಸಾಮಾನ್ಯ ವೇಗವನ್ನು ಮುಟ್ಟದಿದ್ದರೆ ಕಂಪನಿ ತಪ್ಪಿದಂತೆ. ಗರಿಷ್ಠಕ್ಕೂ ಕನಿಷ್ಠಕ್ಕೂ ಬೇರೆ ಒರೆಗಲ್ಲುಗಳಿವೆ.

ಇಷ್ಟೊಂದು ಕಟ್ಟುಪಾಡು ಏಕೆ ಎಂಬುದು ಬಿಡಿಸಿ ನೋಡಿದರೆ ಖುಷಿ ಕೊಡುವ ವಿಷಯ. ಐದು ನಿಮಿಷದ ಅಂತರದಲ್ಲಿ ತೆಗೆದ ಹತ್ತು ಅಳತೆಗಳು ಒಂದೇ ದಟ್ಟಣೆಯ ಹತ್ತು ಚಿತ್ರಗಳು. ಹೊಸ ಮಾಹಿತಿ ಅವುಗಳಲ್ಲಿ ಕಡಿಮೆ. ಗಂಟೆಗಳ ಮತ್ತು ದಿನಗಳ ಅಂತರವೇ ಅವುಗಳನ್ನು ಸ್ವತಂತ್ರ ಸಾಕ್ಷಿಗಳನ್ನಾಗಿ ಮಾಡುತ್ತದೆ. ಅಳತೆಗಳು ಸ್ವತಂತ್ರವೆಂದು ಭಾವಿಸಿ ನಾವೇ ಲೆಕ್ಕ ಹಾಕಬಹುದು. ನಿಜವಾಗಿಯೂ ನೂರಕ್ಕೆ 95ರಷ್ಟು ಹೊತ್ತು ಸಾಮಾನ್ಯ ವೇಗ ಕೊಡುವ ಒಳ್ಳೆಯ ಲೈನು, ಬರೀ ದುರದೃಷ್ಟದಿಂದ 30ರಲ್ಲಿ ನಾಲ್ಕು ಅಥವಾ ಹೆಚ್ಚು ಸಲ ಸೋತು ತಪ್ಪಿತಸ್ಥ ಎನಿಸಿಕೊಳ್ಳುವ ಸಂಭವ ನೂರಕ್ಕೆ ಸುಮಾರು ಆರು. ನೂರಕ್ಕೆ 60ರಷ್ಟು ಹೊತ್ತು ಮಾತ್ರ ಕೊಡುವ ಕೆಟ್ಟ ಲೈನು ಅದೃಷ್ಟದಿಂದ ಪಾಸಾಗುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಒಂದೇ ಒಂದು ಸ್ಪೀಡ್ ಟೆಸ್ಟ್ ನಂಬಿ ತೀರ್ಪು ಕೊಟ್ಟಿದ್ದರೆ ಆ ಒಳ್ಳೆಯ ಲೈನಿಗೆ ತಪ್ಪು ತೀರ್ಪು ಸಿಗುವುದು ನೂರಕ್ಕೆ ಐದು ಸಲ, ಕೆಟ್ಟದ್ದು ತಪ್ಪಿಸಿಕೊಳ್ಳುವುದು ನೂರಕ್ಕೆ 60 ಸಲ. 30 ಅಳತೆ ಮಾಡಿದ ಉಪಕಾರ ಈ ಎರಡನೆಯ ಸಂಖ್ಯೆಯಲ್ಲಿದೆ. ಗ್ರಾಹಕರು ಬೇಕೆಂದೇ ತಮ್ಮ ಲೈನನ್ನು ನಿಧಾನ ಮಾಡಿಕೊಂಡು ಶುಲ್ಕ ತಪ್ಪಿಸಿಕೊಳ್ಳಬಹುದಲ್ಲ ಎಂಬ ಆಕ್ಷೇಪಕ್ಕೂ ಈ ವಿಧಾನದಲ್ಲೇ ಉತ್ತರ ಇದೆ. ಅಳೆಯುವ ತಂತ್ರಾಂಶ ನಿಯಂತ್ರಕರದು, ವೈಫೈನ ನೆಪಕ್ಕೆ ಎಡೆಯಿಲ್ಲ, ಅದೇ ಹೊತ್ತಿನಲ್ಲಿ ಆ ಲೈನಿನಲ್ಲಿ ಎಷ್ಟು ಹರಿಯಿತೆಂಬ ದಾಖಲೆ ಕಂಪನಿಯ ಕೈಯಲ್ಲೂ ಇರುತ್ತದೆ.

ಈಗ ಶುಲ್ಕದ ಕಡೆಗೆ ಬರೋಣ. ಅರ್ಥಶಾಸ್ತ್ರದಲ್ಲಿ 1970 ಫಲವತ್ತಾದ ವರ್ಷ. ಆ ವರ್ಷ ಫಿಲಿಪ್ ನೆಲ್ಸನ್ ಎಂಬವರು, ಕೆಲವು ಸರಕುಗಳ ಗುಣ ಕೊಳ್ಳುವ ಮೊದಲೇ ನೋಡಿ ತಿಳಿಯಬಹುದು, ಇನ್ನು ಕೆಲವುಗಳದ್ದು ಬಳಸಿದ ಮೇಲಷ್ಟೇ ತಿಳಿಯುತ್ತದೆ ಎಂದು ವಿಂಗಡಿಸಿದರು. ಅದೇ ವರ್ಷ ಜಾರ್ಜ್ ಆಕರ್ಲಾಫ್, ಗುಣ ಮಾರುವವರಿಗೆ ಮಾತ್ರ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ಸಂತೆಯಲ್ಲಿ ಕಳಪೆ ಮಾಲು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಮುಂದೆ ನೊಬೆಲ್ ತಂದುಕೊಟ್ಟ ಆ ಲೇಖನದಲ್ಲಿ ಭಾರತದ ಹಳ್ಳಿಗಳ ಸಾಲದ ವ್ಯವಹಾರವೂ ಬರುತ್ತದೆ. ಮನೆಯ ಇಂಟರ್‌ನೆಟ್‌ಗೆ ಎರಡೂ ಮಾತು ಒಪ್ಪುತ್ತವೆ. ಕೊಂಡಿ ಎಷ್ಟು ತುಂಬಿದೆ ಎಂಬುದು ಕಂಪನಿಗೆ ಗೊತ್ತು, ಕೊಳ್ಳುವವರಿಗೆ ಒಂದೆರಡು ತಿಂಗಳ ಸಂಜೆಗಳು ಕಳೆದ ಮೇಲಷ್ಟೇ ಗೊತ್ತಾಗುತ್ತದೆ. ಬಳಸಿ ತಿಳಿಯಬೇಕಾದ ಸರಕಿನಲ್ಲಿ ಗ್ರಾಹಕರಿಗೆ ಇರುವ ರಕ್ಷಣೆ ಒಂದೇ, ಇಷ್ಟವಾಗದಿದ್ದರೆ ಬಿಡುವುದು. ಎರಡು ವರ್ಷದ ಲಾಕ್‌-ಇನ್ ಆ ರಕ್ಷಣೆಯನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಹೀಗೆ ಬಿಡುವ ದಾರಿ ಮುಚ್ಚುವುದರ ಪರಿಣಾಮವನ್ನು ಇಂಟರ್‌ನೆಟ್‌ನ ಸ್ವಂತ ಚರಿತ್ರೆಯೇ ಚೆನ್ನಾಗಿ ತೋರಿಸುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಸುಮಾರು 400 ಗಜದ ದೂರದಲ್ಲಿ, ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ಸಾವಿರ ಪಟ್ಟಿನ ಕುಸಿತ ಅದು. ಕಳಿಸುವ ಕಂಪ್ಯೂಟರುಗಳಿಗೆ ಜಾಲ ತುಂಬಿದೆ ಎಂಬ ಸುದ್ದಿ ಮುಟ್ಟುತ್ತಿರಲಿಲ್ಲ. ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸಿ ಅವು ದಟ್ಟಣೆಯನ್ನು ಇನ್ನೂ ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕರೆಲ್ಸ್ ಕಂಡುಕೊಂಡ ಪರಿಹಾರ 1988ರಲ್ಲಿ ಪ್ರಕಟವಾಯಿತು: ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ವೇಗ ತಗ್ಗಿಸು. ಇವತ್ತಿಗೂ ಜಾಲ ನಿಂತಿರುವುದು ಈ ಹಿಂಸೂಚನೆಯ (ಫೀಡ್‌ಬ್ಯಾಕ್) ಮೇಲೆ. ಸೋಲಿನ ಸುದ್ದಿ ಅದಕ್ಕೆ ಕಾರಣರಾದವರಿಗೆ ತಲುಪಬೇಕು, ತಲುಪಿದಾಗ ಅವರು ನಡೆ ಬದಲಿಸಲೇಬೇಕಾದ ಒತ್ತಡ ಇರಬೇಕು. ಕೊಂಡಿಯನ್ನು ದೊಡ್ಡದು ಮಾಡುವ ವಿಷಯದಲ್ಲಿ ಕಂಪನಿಗೆ ಮುಟ್ಟಬೇಕಾದ ಹಿಂಸೂಚನೆ ಗ್ರಾಹಕರು ಬಿಟ್ಟುಹೋಗುವುದು. ಗ್ರಾಫ್ ಅವರಿಗೆ ಕಾಣುತ್ತದೆ ಎಂದೆ. ಕಾಣುವುದು ಬೇರೆ, ಆದಾಯದಲ್ಲಿ ಅನುಭವಕ್ಕೆ ಬರುವುದು ಬೇರೆ. ನಿರ್ಗಮನ ಶುಲ್ಕ ಆ ಸೂಚನೆಯನ್ನು ಎರಡು ವರ್ಷ ತಡೆಹಿಡಿಯುತ್ತದೆ. ಅಷ್ಟು ಹೊತ್ತಿಗೆ ಅದೇ ಕೊಂಡಿಗೆ ಇನ್ನಷ್ಟು ಮನೆಗಳು ಸೇರಿರುತ್ತವೆ.

ಕಂಪನಿಗಳ ಎರಡನೆಯ ಆಕ್ಷೇಪಕ್ಕೆ ತೂಕವಿದೆ. ರೌಟರ್ ಕೊಟ್ಟಿದ್ದೇವೆ, ತಂತಿ ಎಳೆದಿದ್ದೇವೆ, ಆಳು ಕಳಿಸಿದ್ದೇವೆ, ಅವಧಿ ಒಪ್ಪಿದ್ದಕ್ಕೆ ತಿಂಗಳ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟಿದ್ದೇವೆ. ಮೂರನೇ ತಿಂಗಳಿಗೆ ಬಿಟ್ಟುಹೋದರೆ ಆ ಖರ್ಚು ಯಾರ ತಲೆಗೆ? ನ್ಯಾಯವಾದ ಪ್ರಶ್ನೆ, ಉತ್ತರ ಲೆಕ್ಕದಲ್ಲಿದೆ. ಉದಾಹರಣೆಗೆ ಆ ಖರ್ಚೆಲ್ಲ ಸೇರಿ 2,400 ರೂಪಾಯಿ, ಒಪ್ಪಂದ 24 ತಿಂಗಳದು ಎಂದಿಟ್ಟುಕೊಳ್ಳಿ. ತಿಂಗಳಿಗೆ ನೂರು ರೂಪಾಯಿಯಂತೆ ಅದು ತೀರುತ್ತಾ ಬರುತ್ತದೆ. 18ನೇ ತಿಂಗಳಿಗೆ ಬಿಟ್ಟವರಿಂದ ಬರಬೇಕಾದ್ದು 600. ಉಳಿದ ಆರು ತಿಂಗಳ ಪೂರ್ತಿ ಬಾಡಿಗೆಯನ್ನು, ತಿಂಗಳಿಗೆ 800ರಂತೆ 4,800 ರೂಪಾಯಿಯನ್ನು, ಕೇಳಿದರೆ ಅದು ನಷ್ಟಕ್ಕೆ ಪರಿಹಾರವಲ್ಲ, ದಂಡ. ಸೇವೆ ಕೊಡುವುದೇ ನಿಂತಿರುವಾಗ ಅದರ ಖರ್ಚೂ ಉಳಿದಿರುತ್ತದೆ. ಯುರೋಪಿನ 2018ರ ದೂರಸಂಪರ್ಕ ಸಂಹಿತೆ ಗ್ರಾಹಕರನ್ನು 24 ತಿಂಗಳಿಗಿಂತ ಹೆಚ್ಚು ಕಟ್ಟಿಹಾಕಬಾರದೆಂದು ಹೇಳಿದೆ. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು, ಅಕ್ಟೋಬರಿನಿಂದ ಸಣ್ಣವು, ಆಹಾರದ ಪೊಟ್ಟಣದ ಮೇಲಿರುವಂಥ ಪಟ್ಟಿಯಲ್ಲಿ ವಾಸ್ತವವಾಗಿ ಸಿಗುವ ವೇಗ, ವಿಳಂಬ ಮತ್ತು ನಿರ್ಗಮನ ಶುಲ್ಕವನ್ನು ಮಾರುವ ಮೊದಲೇ ತೋರಿಸಬೇಕು. ನಮ್ಮಲ್ಲಿ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡವನ್ನು ಅನ್ಯಾಯದ ಕರಾರು ಎಂದೇ ಹೆಸರಿಸಿದೆ. ಇನ್ನು ಒಪ್ಪಿದ ವೇಗವನ್ನು ಕೊಡದೆ ಕರಾರನ್ನು ಮೊದಲು ಮುರಿದದ್ದು ಕಂಪನಿಯೇ ಆಗಿದ್ದಾಗ, ಆ 600 ರೂಪಾಯಿ ಕೇಳುವ ನೈತಿಕ ಹಕ್ಕೂ ಅದಕ್ಕೆ ಉಳಿಯುವುದಿಲ್ಲ ಎಂದು ನನ್ನ ನಂಬಿಕೆ.

ಹೆಚ್ಚು ಆಳವಾದ ಆಕ್ಷೇಪ ಬರುವುದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ ಅವರ ಕಡೆಯಿಂದ, ಅದೂ 1970ರಲ್ಲೇ. ಸಂಸ್ಥೆ ಕೆಟ್ಟಾಗ ಜನರ ಮುಂದೆ ಎರಡು ದಾರಿ, ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು, ಎಂದ ಹರ್ಷ್‌ಮನ್ ನೈಜೀರಿಯದ ರೈಲ್ವೆಯನ್ನು ಉದಾಹರಿಸಿದರು. ಲಾರಿಗಳು ಬಂದ ಮೇಲೂ ರೈಲ್ವೆ ಸುಧಾರಿಸಲಿಲ್ಲ, ಏಕೆಂದರೆ ಜೋರಾಗಿ ದೂರಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ನಮ್ಮ ವಿಷಯದಲ್ಲೂ ಇದು ಆಗಬಹುದು. ವೇಗ ಅಳೆಯಬಲ್ಲವರು, ಬೇರೆ ಕಂಪನಿ ಸಿಗುವ ಬಡಾವಣೆಯವರು ಶುಲ್ಕವಿಲ್ಲದೆ ಹೊರಟುಹೋಗುತ್ತಾರೆ. ಒಂದೇ ಕಂಪನಿಯ ಫೈಬರ್ ಬರುವ ಊರಿನವರು, ಸಂಘ ಒಂದೇ ಕಂಪನಿಯನ್ನು ಒಳಗೆ ಬಿಟ್ಟಿರುವ ಅಪಾರ್ಟ್‌ಮೆಂಟಿನವರು ಉಳಿಯುತ್ತಾರೆ. ಹೋಗಲು ಬೇರೆ ಜಾಗವೇ ಇಲ್ಲದವರಿಗೆ ಹೊರಹೋಗುವ ಹಕ್ಕಿನಿಂದ ಏನು ಬಂತು? ಜರ್ಮನಿಯ ಕಾನೂನು ಬ್ರಿಟನ್ನಿನ ಸಂಹಿತೆಗಿಂತ ಒಂದು ಹೆಜ್ಜೆ ಮುಂದಿದೆ ಎಂದು ನನಗೆ ಅನ್ನಿಸುವುದು ಇಲ್ಲೇ. ಬಿಲ್ ಇಳಿಸುವ ಹಕ್ಕು ಉಳಿದುಕೊಂಡವರಿಗೂ ಸಿಗುತ್ತದೆ. ದೂರು ಬರೀ ದೂರಾಗಿ ಉಳಿಯದೆ ಕಂಪನಿಯ ತಿಂಗಳ ಆದಾಯದಲ್ಲಿ ಕಾಣಿಸಿಕೊಳ್ಳುತ್ತದೆ. ಕಂಪನಿಗೆ ಮುಟ್ಟುವ ಸೂಚನೆ ಗ್ರಾಹಕರು ಬಿಟ್ಟುಹೋಗದೆಯೂ ಮುಟ್ಟುತ್ತದೆ.

ಸಣ್ಣ ಊರಿನ ಕೇಬಲ್ ಆಪರೇಟರುಗಳು ಇಂಥ ನಿಯಮದಿಂದ ಮುಚ್ಚಿಹೋಗುತ್ತಾರೆ ಎಂಬ ಕಳವಳವೂ ಇದೆ. ಆ ಕಳವಳ ಪ್ರಾಮಾಣಿಕವಾದದ್ದು, ಆದರೆ ಈ ನಿಯಮ ಯಾರನ್ನೂ ಹೆಚ್ಚು ಕೊಡಿ ಎಂದು ಬಲವಂತ ಮಾಡುವುದಿಲ್ಲ. ಸಂಜೆ 30 ಎಂಬಿಪಿಎಸ್ ಕೊಡಬಲ್ಲವರು 30 ಎಂದು ಬರೆದು ಅದಕ್ಕೆ ತಕ್ಕ ಬೆಲೆಗೆ ಮಾರಲಿ. ಅಷ್ಟು ಮಾಡಿದ ದಿನ ಅವರು ನೂರು ಎಂದು ಬರೆದು 30 ಕೊಡುವ ದೊಡ್ಡ ಕಂಪನಿಯ ಎದುರು ಗೆಲ್ಲಲೂಬಹುದು.

ನಮ್ಮ ದೇಶದಲ್ಲಿ ನಿರ್ಗಮನ ಶುಲ್ಕ ಅನೇಕ ಸಲ ಆ ಹೆಸರಿನಲ್ಲಿ ಬರುವುದಿಲ್ಲ. ಆರು ಅಥವಾ ಹನ್ನೆರಡು ತಿಂಗಳ ಹಣವನ್ನು ರಿಯಾಯಿತಿಯ ಆಸೆಗೆ ಮುಂಗಡ ಕಟ್ಟಿಸಿಕೊಳ್ಳುವುದು, ಮಧ್ಯದಲ್ಲಿ ಬಿಟ್ಟರೆ ಉಳಿದದ್ದನ್ನು ವಾಪಸ್ ಕೊಡದಿರುವುದು, ಉಚಿತವೆಂದು ಕೊಟ್ಟ ರೌಟರಿಗೆ ಬಿಡುವಾಗ ಬೆಲೆ ಕಟ್ಟುವುದು ಇಲ್ಲಿನ ರೂಪಗಳು. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರ ಜನವರಿಯಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದರು; ನೂರರ ಪ್ಲಾನ್ ಕೊಂಡವರಿಗೆ ಆ ತಳದಿಂದ ಯಾವ ರಕ್ಷಣೆಯೂ ಇಲ್ಲ. 2024ರ ಅಕ್ಟೋಬರ್ 1ರಿಂದ ಟ್ರಾಯ್ ಹಳೆಯ ಗುಣಮಟ್ಟದ ನಿಯಮಗಳನ್ನು ಒಂದುಗೂಡಿಸಿ ಹೊಸದಾಗಿ ಜಾರಿ ಮಾಡಿದೆ. ನಿಯಂತ್ರಕರಿಗೆ ಹೋಗುವ ವರದಿಗಳು ಇಡೀ ಸೇವಾ ಪ್ರದೇಶದ ಚಿತ್ರ ಕೊಡುತ್ತವೆ, ಒಂದು ಬಡಾವಣೆಯ ಒಂದು ಕೊಂಡಿ ಪ್ರತಿ ರಾತ್ರಿ ಉಸಿರುಗಟ್ಟುವುದು ಆ ಸರಾಸರಿಯಲ್ಲಿ ಕಾಣುವುದಿಲ್ಲ. ಒಂದೊಂದು ಮನೆಯ ಮಟ್ಟದ ಕನಿಷ್ಠ ವೇಗ, ಅದನ್ನು ಅಳೆಯಲು ಸರ್ಕಾರದ ಒಪ್ಪಿಗೆಯ ತಂತ್ರಾಂಶ ಮತ್ತು ವಿಧಾನ, ಅಳತೆಯ ಆಧಾರದ ಮೇಲೆ ಬಿಲ್ ಇಳಿಕೆ ಅಥವಾ ದಂಡವಿಲ್ಲದ ಬಿಡುಗಡೆ ನಮಗೆ ಬೇಕಾಗಿವೆ. ತಂತ್ರಾಂಶ ಬರೆಯಬಲ್ಲವರಿಗೆ ಬೆಂಗಳೂರಿನಲ್ಲಿ ಬರವಿಲ್ಲ.

ಅಲ್ಲಿಯವರೆಗೆ ಇರುವ ದಾರಿ ಗ್ರಾಹಕರ ಆಯೋಗ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ಕೇಳಬಹುದೇ ಎಂಬ ಹಳೆಯ ಜಗಳವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ, ಕೇಳಬಹುದು ಎಂದು ತೀರ್ಮಾನಿಸಿತು. ಅಲ್ಲಿಗೆ ಹೋಗುವವರು ಮೊಬೈಲಿನಲ್ಲಿ ವೈಫೈ ಮೂಲಕ ತೆಗೆದ ಒಂದು ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಎದುರು ಪಕ್ಷದ ವಕೀಲರು ಅದನ್ನು ಒಂದೇ ಪ್ರಶ್ನೆಯಲ್ಲಿ ಬೀಳಿಸಬಹುದು. ಜರ್ಮನಿಯ ವಿಧಾನವನ್ನೇ ಅನುಸರಿಸಿ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಮನೆಯ ಉಳಿದ ಫೋನು-ಟಿವಿಗಳ ಸಂಪರ್ಕ ತಪ್ಪಿಸಿ, ಬೇರೆ ಬೇರೆ ದಿನಗಳ ನಸುಕಿನಲ್ಲೂ ರಾತ್ರಿ ಒಂಬತ್ತರ ಆಸುಪಾಸಿನಲ್ಲೂ ತೆಗೆದ ಅಳತೆಗಳು, ಪ್ರತಿಯೊಂದರ ದಿನಾಂಕ, ವೇಳೆ, ದೂರು ಸಂಖ್ಯೆ, ಒಪ್ಪಂದದ ಪ್ರತಿ ಮತ್ತು ಕಟ್ಟಿದ ಬಿಲ್ಲುಗಳು ಒಂದೇ ಕಡತದಲ್ಲಿದ್ದರೆ, ಆಗ ಕಂಪನಿ ತನ್ನ ಕೊಂಡಿಯ ಬಳಕೆಯ ಗ್ರಾಫನ್ನು ಆಯೋಗದ ಮುಂದೆ ಇಡಲಿ ಎಂದು ಕೇಳಲು ಬಲವಾದ ಕಾರಣ ಸಿಗುತ್ತದೆ.